ಕಾಕಾನ ಗಟ್ಟಿ ನಾಡಿ

ಭಂಕೂರಿನಲ್ಲಿ ಈಗ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ಭೀಮಶಾ ಮೇಸ್ತ್ರಿಯ ತೋಳಿಗೆ ಡಾಕ್ಟರಮ್ಮ ಅದೇನೋ ಪಟ್ಟಿ ಸುತ್ತಿ ಗಾಳಿ ತುಂಬಿದರು. ಅವತ್ತೇ ಮೇಸ್ತ್ರಿಯ ಕೈಯೊಳಗಿನ ತಾಕತ್ತು ಯಂತ್ರದೊಳಗೆ ಇಳಿದುಹೋಯಿತು. ಅದಕ್ಕೇ ವಾರ ಕಳೆಯುವುದರೊಳಗೆ ಕೈಯಿಂದ ಕಲ್ಲು ಜಾರಿತು.

ಕಥೆ ಚೆನ್ನಾಗಿದೆ. ಒಂದೇ ತೊಂದರೆ. ಪಟ್ಟಿ ಸುತ್ತಿದ್ದು ಎಡಗೈಗೆ, ಕಲ್ಲು ಜಾರಿದ್ದು ಬಲಗೈಯಿಂದ.

ಈ ಮಾತನ್ನು ನಾನು ಚಹಾದಂಗಡಿಯಲ್ಲಿ ಹೇಳಿದೆ. ಒಂದಿಬ್ಬರು ತಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಮೂಲೆಯಿಂದ ಒಬ್ಬ, "ಒಳಗಿಂದೊಳಗ ಎಲ್ಲಾ ಕೂಡಿರ್ತಾವಲ್ಲೋ ತಮ್ಮಾ!" ಎಂದ. ಅಂಗಡಿಗೆ ಅಂಗಡಿಯೇ ತಲೆಯಾಡಿಸಿತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲುಗಳನ್ನು ಹೊತ್ತು ತಂದವನು ನಾನು. ಅವತ್ತು ಅರ್ಧ ಕಪ್ ಚಹಾ ಬಿಟ್ಟು ಎದ್ದು ಬಂದೆ. ಸಿಟ್ಟು ಸೋತದ್ದಕ್ಕಲ್ಲ. ಆ ಮಾತು ಅರ್ಧ ನಿಜವಾಗಿತ್ತು, ಅದಕ್ಕೆ.

ಭೀಮಶಾ ಮೇಸ್ತ್ರಿ ನನ್ನ ಕಾಕಾ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು, ಓದಿಸಿದವನು. ವಯಸ್ಸು ಅರವತ್ತರ ಹತ್ತಿರ. ಭಂಕೂರಿನ ಕಲ್ಲಿನ ಗಣಿಯೊಂದರಲ್ಲಿ ಫರ್ಸಿ ಎತ್ತುವ ಗುಂಪಿನ ಮೇಸ್ತ್ರಿ. (ಫರ್ಸಿ ಎಂದರೆ ನಿಮ್ಮ ಮನೆಯ ನೆಲಕ್ಕೆ ಹಾಸಿದ ಅದೇ ಕಲ್ಲು. ಅದು ತಾನಾಗಿ ನಡೆದು ಬಂದು ಮಲಗಿಕೊಂಡಿಲ್ಲ.)

ಆ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಕಾಕಾನಿಗಿಂತ ಹಿಂದಿನ ಮೇಸ್ತ್ರಿಯ ಕಾಲದಿಂದಲೂ ಇದೆಯಂತೆ. ಮುಂಜಾನೆ ಗಣಿಯ ಬಾಯಿಯಲ್ಲಿ ಎಲ್ಲರೂ ಬಲಗೈ ಚಾಚಿ ನಿಲ್ಲುತ್ತಾರೆ. ಮೇಸ್ತ್ರಿ ಒಬ್ಬೊಬ್ಬರ ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತುತ್ತಾನೆ. ನಾಡಿ ಬೆರಳನ್ನು ಎತ್ತಿ ಒಗೆಯುವಂತೆ ಬಡಿದರೆ ಅವನಿಗೆ ದೊಡ್ಡ ಫರ್ಸಿ, ಅದೂ ಮುಂದಿನ ತುದಿ. ಸಾಧಾರಣ ಬಡಿದರೆ ಹಿಂದಿನ ತುದಿ. ಮೆತ್ತಗಿದ್ದರೆ ಅವತ್ತು ಸಣ್ಣ ಕಲ್ಲು. ಯಾರೂ ತಕರಾರು ಮಾಡುವುದಿಲ್ಲ. ಮುಂದಿನ ತುದಿ ಹಿಡಿದವನು ಇಳಿಜಾರು ಹತ್ತುವಾಗ ಹೆಜ್ಜೆಯ ಲೆಕ್ಕ ಕೊಡುತ್ತಾನೆ, ತಿರುವಿನಲ್ಲಿ ಕೂಗುತ್ತಾನೆ. ಅದು ಮರ್ಯಾದೆಯ ಜಾಗ.

ಎಲ್ಲರದೂ ಮುಗಿದ ಮೇಲೆ ಕಾಕಾ ತನ್ನ ಕೈಯನ್ನು ತಾನೇ ಹಿಡಿದು ನೋಡಿಕೊಳ್ಳುತ್ತಾನೆ. ಮೀಸೆಯೊಳಗೆ ನಗುತ್ತಾನೆ. ಮುಂದಿನ ತುದಿಗೆ ಹೋಗಿ ನಿಲ್ಲುತ್ತಾನೆ.

ಮೆಟ್ರಿಕ್ ಪಾಸಾದ ವರ್ಷ ನನ್ನ ಕೈಯನ್ನೂ ಹಿಡಿದು ನೋಡಿದ್ದ. ಬಹಳ ಹೊತ್ತು ಹಿಡಿದೇ ಇದ್ದ. ಆಮೇಲೆ ಕಾಕಿಯ ಕಡೆ ತಿರುಗಿ, "ಬೆಕ್ಕಿನ ಮರಿ ನಿದ್ದಿ ಮಾಡಿದಂಗ ಅದ ಇವನ ನಾಡಿ. ಕಲ್ಲಿಗಿ ನಡ್ಯಾಂಗಿಲ್ಲ. ಕಾಲೇಜಿಗರ ಹಾಕಮು" ಎಂದ. ನನ್ನ ಉಚ್ಚ ಶಿಕ್ಷಣ ಶುರುವಾದದ್ದು ಹೀಗೆ.

ಈಗ ಆ ಪಟ್ಟಿ ಸುತ್ತಿದ ದಿನಕ್ಕೆ ಬರೋಣ.

ಭಂಕೂರಿನ ಶಾಲೆಯ ಪಡಸಾಲೆಯಲ್ಲಿ ಆರೋಗ್ಯ ತಪಾಸಣೆಯ ಶಿಬಿರ ಇತ್ತು. ಬಂದಿದ್ದ ಡಾಕ್ಟರು ಸುಮಂಗಲಾ. ನನಗೆ ಹಳೆಯ ಪರಿಚಯ. ಕಲಬುರ್ಗಿಯಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆಯಲ್ಲಿ 'ವಿಜ್ಞಾನ ವರವೋ ಶಾಪವೋ' ಎಂಬ ವಿಷಯದ ಮೇಲೆ ಅವರು ವರ ಎಂದರು, ನಾನು ಶಾಪ ಎಂದೆ, ನಾನು ಗೆದ್ದೆ. (ಪಕ್ಷ ಯಾವುದು ಅಂತ ಚೀಟಿ ಎತ್ತಿ ಕೊಟ್ಟದ್ದು. ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡಿ.)

ಬಿ.ಪಿ. ನೋಡುವ ಪೆಟ್ಟಿಗೆಯನ್ನು ಮೇಜಿನ ಮೇಲೆ ತೆರೆದಿಟ್ಟರು. ಗಾಜಿನ ಕೊಳವೆಯಲ್ಲಿ ಪಾದರಸ. ಗಣಿಯವರೆಲ್ಲ ಸುತ್ತ ಮುತ್ತಿಕೊಂಡರು. ಪಾರಾ ಏರುತ್ತದೆ, ಇಳಿಯುತ್ತದೆ, ಡಾಕ್ಟರು ಎರಡು ಸಂಖ್ಯೆ ಹೇಳುತ್ತಾರೆ. ಇಷ್ಟು ಕಂಡ ಮೇಲೆ ನಮ್ಮವರಿಗೆ ಇನ್ನೇನು ಬೇಕು? ಪಂಜಾ ಹಿಡಿಯುವ ಪಂದ್ಯದಂತೆ ಶುರುವಾಗೇ ಹೋಯಿತು. ನೂರಾ ಇಪ್ಪತ್ತು ಬಂದವನಿಗೆ, "ಏ, ಇಷ್ಟಾ? ಉಣ್ಣಾಕ ಹಾಕಂಗಿಲ್ಲೇನೋ ಮನ್ಯಾಗ?" ಎಂಬ ಗೇಲಿ. ನೂರಾ ನಲವತ್ತು ಬಂದವನ ಬೆನ್ನು ತಟ್ಟಿದರು.

ಕಾಕಾನ ಸರದಿ ಬಂತು. ಮೇಲಿನ ಸಂಖ್ಯೆ ಇನ್ನೂರರ ಹತ್ತಿರ.

ಪಡಸಾಲೆಯಲ್ಲಿ ಸೀಟಿ ಬಿದ್ದವು. ಜೊತೆಗೆ ಬಂದಿದ್ದ ಕಂಪೌಂಡರ್ ಹಳಬ. ಸಮಾಧಾನ ಹೇಳಲು ಹೋಗಿ, "ಗಾಬ್ರಿ ಆಗಬ್ಯಾಡ್ರಿ. ವಯಸ್ಸಿಗಿ ನೂರು ಕೂಡಿಸಿದ್ರ ಎಷ್ಟಾಗ್ತದ ಅಷ್ಟು ಇರಬಹುದು" ಎಂದ. ಇದು ಎಷ್ಟೋ ಡಾಕ್ಟರುಗಳೂ ಹೇಳುವ ಲೆಕ್ಕ, ನೀವೂ ಕೇಳಿರುತ್ತೀರಿ. ಆದರೆ ಕಾಕಾನ ಜೋಡಿ ಮಹಬೂಬ ಚಾಚಾ ಅಲ್ಲೇ ನಿಂತಿದ್ದ. ಮೂವತ್ತು ವರ್ಷದಿಂದ ಕಲ್ಲಿನ ಹಿಂದಿನ ತುದಿ ಹಿಡಿಯುವವನು. ಆತ ಲೆಕ್ಕವನ್ನು ತಿರುಗಿಸಿಬಿಟ್ಟ.

"ಹಂಗಾರ ಎರಡನೂರರಾಗ ನೂರು ತೆಗೀರಿ. ಎಷ್ಟುಳೀತು? ನೂರು! ಲೇ ಭೀಮಶಾ, ಮಶೀನು ಹೇಳೇ ಬಿಟ್ಟದ ನೋಡು. ನೂರು ವರ್ಷದ ಗಿರಾಕಿ ನೀ!"

ಹಾರ ಹಾಕುವುದೊಂದು ಬಾಕಿ ಇತ್ತು. ಡಾಕ್ಟರು ಮಾತ್ರ ನಗಲಿಲ್ಲ. ಮತ್ತೊಮ್ಮೆ ನೋಡಿದರು. ಕೆಳಗಿನ ಸಂಖ್ಯೆ ಎಂಬತ್ತರ ಒಳಗೇ ಇತ್ತು. "ಕೆಳಗಿಂದು ಛಲೋ ಅದರಿ ಮೇಡಂ, ಕೆಳಗಿಂದೇ ಮುಖ್ಯ" ಎಂದ ಕಂಪೌಂಡರ್. ಅವರು ಕಾಕಾನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಕಾಕಾನಿಗೆ, "ಕಲಬುರ್ಗಿಗಿ ಬರ್ರಿ, ಮತ್ತ ನೋಡಬೇಕು" ಎಂದರು. "ಬಂದೇನ್ರಿ ಯವ್ವಾ" ಎಂದ ಕಾಕಾ, ತೋಳು ಇಳಿಸಿಕೊಂಡು ನೇರ ಗಣಿಗೆ ಹೋದ.

ಸ್ವಾಮಿ, ಗಮನಿಸಿ. ಅವತ್ತು ಯಂತ್ರ ನೂರು ವರ್ಷದ ಆಯುಷ್ಯ ಕೊಟ್ಟಿತ್ತು. ವಾರದೊಳಗೆ ಅದೇ ಯಂತ್ರ ಕೈಯ ತಾಕತ್ತು ಕಸಿಯಿತು. ಎರಡನ್ನೂ ಅದೇ ಜನ ಹೇಳುತ್ತಾರೆ. ಎರಡೂ ಹೇಗೆ ನಿಜವಾಗುತ್ತವೆ?

ಕಲ್ಲು ಜಾರಿದಾಗ ನಾನು ಅಲ್ಲಿರಲಿಲ್ಲ. ಮಹಬೂಬ ಚಾಚಾ ಹೇಳಿದ್ದನ್ನೇ ಹೇಳುತ್ತೇನೆ. ದೊಡ್ಡ ಫರ್ಸಿ ಹಿಡಿದು ಇಬ್ಬರೂ ಇಳಿಜಾರನ್ನು ಅರ್ಧ ಏರಿದ್ದರು. ಮುಂದೆ, ಮೇಲೆ, ಕಾಕಾ. ಹಿಂದೆ, ಕೆಳಗೆ, ಚಾಚಾ. ಕಾಕಾ ಕೂಗುವುದನ್ನು ನಿಲ್ಲಿಸಿದ. ಬಲಗೈ ತಾನಾಗಿ ಬಿಚ್ಚಿಕೊಂಡಿತು. ಕಲ್ಲು ಕೆಳಮುಖವಾಗಿ ಸರ್ರನೆ ಬಂತು. ಚಾಚಾ ಪಕ್ಕಕ್ಕೆ ಹಾರಿ ಬಿದ್ದ. ಕಲ್ಲು ಅವನ ಕಾಲು ಸವರಿಕೊಂಡು ಹೋಗಿ ಕೆಳಗೆ ಒಡೆಯಿತು.

ಮೇಲೆ ಕಾಕಾ ನಿಂತೇ ಇದ್ದ. ಏನೋ ಹೇಳಲು ಹೋದ, ಮಾತು ತೊದಲಿತು. ಬಾಯಿ ಒಂದು ಕಡೆ ಇಳಿದಿತ್ತು. ಕೂರಿಸಿದರು, ನೀರು ಕುಡಿಸಿದರು, ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಊಟದ ಹೊತ್ತಿಗೆ ಎಲ್ಲ ಸರಿಯಾಯಿತು. ಅದೇ ಬಲಗೈಯಿಂದ ರೊಟ್ಟಿ ಮುರಿದು ತಿಂದ. ಜೋಮು ಹಿಡಿದಿತ್ತು ಎಂದು ಎಲ್ಲರೂ ತೀರ್ಮಾನಿಸಿದರು.

"ನನ್ನ ಹೆಣ್ತಿ ನಸೀಬೇ ಖೋಟಾ ನೋಡಪಾ" ಎಂದು ಚಾಚಾ ನಕ್ಕ. "ಪೀಡಾ ಹೋತು ಅನ್ನೋದ್ರಾಗ ನಾ ಮನಿಗಿ ತಿರುಗಿ ಬಂದೀನಿ!"

ನಾನೂ ನಗಲು ಹೋದೆ. ಅವನ ಪೈಜಾಮಾ ಮೊಣಕಾಲಿನಿಂದ ಕೆಳಗೆ ಸೀಳಿಹೋಗಿದ್ದು ಕಾಣಿಸಿತು.

ಸುಮಂಗಲಾ ಡಾಕ್ಟರು ವಾರಕ್ಕೊಮ್ಮೆ ಪಕ್ಕದ ವಾಡಿ ಜಂಕ್ಷನ್ನಿಗೆ ಬರುತ್ತಿದ್ದರು. ಸಂಜೆ ರೈಲಿಗೆ ಕಾಯುತ್ತ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತಿದ್ದವರನ್ನು ಹೋಗಿ ಹಿಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಅದು ಜೋಮಲ್ರಿ" ಎಂದರು. "ಮಿದುಳಿನ ಒಂದು ಭಾಗಕ್ಕ ರಕ್ತ ಹೋಗೋದು ಸ್ವಲ್ಪ ಹೊತ್ತು ನಿಂತಿತ್ತು. ಆಮ್ಯಾಲ ಹಾದಿ ಬಿಡ್ತು. ಮತ್ತ ಬಂದ್ರ ಬಿಡಲಿಕ್ಕೂ ಇಲ್ಲ."

"ಮತ್ತೆ ಬರೋದು ಯಾವಾಗ?"

"ನಾಳಿಗಿ ಬರಬಹುದು. ಬರೋ ವರ್ಷ ಬರಬಹುದು. ಬರದೇನೂ ಇರಬಹುದು. ಹೇಳಿ ಕೇಳಿ ಬರೋದಲ್ಲ ಅದು."

ಭಯವಾದಾಗ ನಾನು ವಾದ ಮಾಡುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ. "ಅವನ ನಾಡಿ ಎಷ್ಟು ಗಟ್ಟಿ ಅಂತ ನಿಮಗೆ ಗೊತ್ತೇನ್ರಿ? ಗಣಿಯಲ್ಲಿ ಅಂಥ ನಾಡಿ ಇನ್ನೊಬ್ಬರದಿಲ್ಲ" ಎಂದೆ.

"ಗೊತ್ತು. ನಾ ಹಿಡದು ನೋಡೀನಲ್ಲ. ಅದಕ್ಕೇ ಅಂಜಿಕಿ ಬಂತು" ಎಂದವರು, ಎದುರಿನ ಯಾರ್ಡಿನ ಕಡೆ ಕೈ ತೋರಿಸಿದರು. "ಅಲ್ಲಿ ನೋಡ್ರಿ."

ಶಂಟಿಂಗ್ ನಡೆದಿತ್ತು. ಎಂಜಿನ್ನು ಗೂಡ್ಸಿನ ಉದ್ದನೆಯ ಸಾಲಿಗೆ ಹಿಂದಿನಿಂದ ಒಂದು ಧಕ್ಕೆ ಕೊಟ್ಟಿತು. ಧಡ್ ಎಂದು ಮೊದಲ ಡಬ್ಬಿ, ಅದರಿಂದ ಎರಡನೆಯದು, ಮೂರನೆಯದು. ಧಕ್ಕೆ ಸಾಲುದ್ದಕ್ಕೂ ಓಡಿ, ತುದಿಯಲ್ಲಿ ಬ್ರೇಕು ಬಿಗಿದು ನಿಲ್ಲಿಸಿದ್ದ ಡಬ್ಬಿಗಳಿಗೆ ಬಡಿಯಿತು. ಅಲ್ಲಿಂದ ಅದೇ ಧಡಧಡ ಹಿಂದಿರುಗಿ ಎಂಜಿನ್ನಿನ ಕಡೆ ಬಂತು. ಹುಟ್ಟಿದಾಗಿನಿಂದ ಆ ಸದ್ದು ಕೇಳಿದ್ದೇನೆ. ಅದು ತಿರುಗಿ ಬರುತ್ತದೆ ಎಂದು ಅವತ್ತೇ ಕಿವಿಗೆ ಬಿದ್ದದ್ದು.

ಎಂಜಿನ್ನು ಅಂದರೆ ಹೃದಯ ಎಂದರು. ಅದು ಒಮ್ಮೆ ಒತ್ತಿದರೆ ರಕ್ತನಾಳದುದ್ದಕ್ಕೂ ಒತ್ತಡದ ಒಂದು ಅಲೆ ಓಡುತ್ತದೆ. ರಕ್ತ ನಿಧಾನ ಹರಿಯುತ್ತದೆ, ಅಲೆ ಬಹಳ ಮುಂದೆ ಓಡುತ್ತದೆ. ಮಣಿಕಟ್ಟಿನಲ್ಲಿ ಬೆರಳಿಗೆ ಬಡಿಯುವುದು ಆ ಅಲೆ.

ನಾನು ಬಿಡಲಿಲ್ಲ. "ಮೈಯೊಳಗೆ ಬ್ರೇಕು ಹಾಕಿದ ಡಬ್ಬಿ ಎಲ್ಲಿಂದ ಬರಬೇಕು? ರಕ್ತ ಸುತ್ತು ಹಾಕುತ್ತದೆ ಅಂತ ಓದಿದ್ದೇನೆ. ಕೊನೆಯೇ ಇಲ್ಲದ ಹಾದಿಯಲ್ಲಿ ಧಕ್ಕೆ ಹೇಗೆ ಹಿಂದಿರುಗುತ್ತದೆ?"

"ರಕ್ತ ಹಿಂದಿರುಗ್ತದ ಅಂತ ಯಾರಂದ್ರು? ಅಲಿ ಹಿಂದಿರುಗ್ತದ" ಎಂದರು. ದೊಡ್ಡ ನಾಳ ಕವಲೊಡೆಯುತ್ತ ಹೋಗಿ ಕೂದಲಿನಷ್ಟು ಸಣ್ಣದಾಗುವಲ್ಲಿ ತಡೆ ಇರುತ್ತದೆ. ಆ ಸಣ್ಣ ನಾಳಗಳು ಮುಷ್ಟಿ ಬಿಗಿದಷ್ಟೂ ಅಲೆ ಹೆಚ್ಚು ಹಿಂದಕ್ಕೆ ಬರುತ್ತದೆ. ಅಷ್ಟೇ ಆದರೆ ತೊಂದರೆ ಕಡಿಮೆ. ಅದು ಯಾವಾಗ ಬಂದು ಮುಟ್ಟುತ್ತದೆ ಎಂಬುದೇ ಮುಖ್ಯ.

"ಡಬ್ಬಿ ಡಬ್ಬಿ ನಡುವ ಸ್ಪ್ರಿಂಗು ಮೆತ್ತಗಿದ್ರ ಧಕ್ಕಿ ಸಾವಕಾಶ ಹೋಗಿ ಸಾವಕಾಶ ಬರ್ತದ. ಅಷ್ಟೊತ್ತಿಗಿ ಎಂಜಿನ್ನು ದೂಡೋದು ಬಿಟ್ಟಿರ್ತದ. ಹರೇದಾಗ ಹಿಂಗೇ. ಹೃದಯ ಆರಾಮ ತಗೊಳ್ಳೋ ಹೊತ್ನ್ಯಾಗ ಅಲಿ ವಾಪಸ್ ಬಂದು ಹೃದಯದ ನಾಳಕ್ಕೇ ರಕ್ತ ಒತ್ತಿ ಉಪಕಾರ ಮಾಡ್ತದ. ಅದೇ ಸ್ಪ್ರಿಂಗೆಲ್ಲಾ ಜಂಗು ಹಿಡದು ಸೆಟದು ನಿಂತ್ರ?"

ಹೇಳುವುದು ಬೇಕಿರಲಿಲ್ಲ. ಸೆಟೆದು ನಿಂತ ಸಾಲಿನಲ್ಲಿ ಧಕ್ಕೆ ಕ್ಷಣದಲ್ಲಿ ಹೋಗಿ ಕ್ಷಣದಲ್ಲಿ ಹಿಂದಿರುಗುತ್ತದೆ. ಎಂಜಿನ್ನು ಇನ್ನೂ ದೂಡುತ್ತಿರುವಾಗಲೇ ಎದುರಿನಿಂದ ಬಂದು ಬಡಿಯುತ್ತದೆ. ಹೋಗುವ ಅಲೆಯ ಮೇಲೆ ಬರುವ ಅಲೆ ಏರುತ್ತದೆ. ಮೇಲಿನ ಸಂಖ್ಯೆ ಜಿಗಿಯುತ್ತದೆ. ಹೃದಯ ತಾನೇ ಕಳಿಸಿದ್ದರ ವಿರುದ್ಧ ತಾನೇ ದೂಡಬೇಕು, ಪ್ರತಿ ಬಡಿತಕ್ಕೂ. ಆ ಪೆಟ್ಟು ಮಿದುಳಿನ ಎಳೆನಾಳಗಳಿಗೂ ಹೋಗುತ್ತದೆ.

"ಆದರೆ ಕೆಳಗಿನದು ಚೆನ್ನಾಗಿದೆಯಲ್ಲ?" ಕೊನೆಯ ಹುಲ್ಲುಕಡ್ಡಿಯಂತೆ ಹಿಡಿದುಕೊಂಡೆ.

"ಮೆತ್ತನ್ನ ನಾಳ ಹಿಗ್ಗಿ ಒಂದಿಷ್ಟು ರಕ್ತ ಹಿಡದಿಟ್ಕೊಂಡು ಆಮ್ಯಾಲ ಬಿಡ್ತದ್ರಿ. ಸೆಟದ ನಾಳಕ್ಕ ಹಿಗ್ಗೋದೇ ಬರಂಗಿಲ್ಲ. ಅದಕ್ಕ ಮ್ಯಾಲಿಂದು ಹಾರ್ತದ, ಕೆಳಗಿಂದು ಕುಸೀತದ. ಎರಡರ ನಡುವ ಅಷ್ಟು ಅಂತರ ಅದ ನೋಡ್ರಿ, ಅದೇ ನಿಮ್ಮ ಕಾಕಾನ ಗಟ್ಟಿ ನಾಡಿ."

ರೈಲು ಬಂತು. ಅವರು ಗುಳಿಗೆಗಳ ಹೆಸರು ಬರೆದುಕೊಟ್ಟು, ಬೀಡಿ ಬಿಡಿಸಿ, ಉಪ್ಪು ಕಡಿಮೆ ಮಾಡಿ, ಭಾರ ಎತ್ತಿಸಲೇಬೇಡಿ ಎಂದು ಹೇಳಿ ಹತ್ತಿದರು. ಯಾರ್ಡಿನಲ್ಲಿ ಇನ್ನೊಂದು ಧಕ್ಕೆ ಬಿತ್ತು. ಅದು ಹಿಂದಿರುಗುವವರೆಗೂ ನಾನು ಉಸಿರು ಹಿಡಿದಿದ್ದೆ.

ಅವತ್ತಿನಿಂದ ಕಾಕಾನ ಎದುರು ಊಟಕ್ಕೆ ಕೂರುವುದೇ ಕಷ್ಟವಾಗಿದೆ. ಕಣ್ಣು ಕುತ್ತಿಗೆಗೇ ಹೋಗುತ್ತದೆ. ಕಿವಿಯ ಕೆಳಗೆ ನಾಡಿ ಹಾರುತ್ತಿರುತ್ತದೆ. ಚಿಕ್ಕಂದಿನಲ್ಲಿ ಅದನ್ನು ನೋಡಿ ಹೆಮ್ಮೆ ಪಡುತ್ತಿದ್ದೆ! ಈಗ ಅಡಿಗೆಮನೆಯಲ್ಲಿ ತಂಬಿಗೆ ಬಿದ್ದರೂ ಎದ್ದು ನಿಲ್ಲುತ್ತೇನೆ. ಗಣಿಯ ಕಡೆಯಿಂದ ಯಾರಾದರೂ ಸೈಕಲ್ಲು ಜೋರಾಗಿ ತುಳಿಯುತ್ತ ಬಂದರೆ ಅವರ ಮುಖ ನೋಡುವ ಧೈರ್ಯವಾಗುವುದಿಲ್ಲ.

ಕಾಕಿ ಮಾತ್ರ ನನ್ನ ಹಾಗೆ ಭಾಷಣ ಮಾಡಲಿಲ್ಲ. ರೊಟ್ಟಿಯ ತಾಟಿನಲ್ಲಿ ಗುಳಿಗೆ ಇಟ್ಟು, "ಮೊದಲ ಇದು ನುಂಗು, ಆಮ್ಯಾಲ ಪಲ್ಯ ನೀಡ್ತೀನಿ" ಎಂದಳು. ಕಾಕಾ ಗೊಣಗಿದ, ನುಂಗಿದ. ಕೆಲವು ವಾರ ಹೀಗೇ ನಡೆಯಿತು. ಭಾರ ಎತ್ತುವುದನ್ನು ಮಾತ್ರ ಬಿಡಲಿಲ್ಲ. ಆದರೂ ಡಾಕ್ಟರು ಮತ್ತೆ ನೋಡಿದಾಗ ಪಾರಾ ಇಳಿದಿತ್ತು. ಗೆದ್ದೆವು ಎಂದು ನಾನು ಕಾಕಿಗೆ ಹೇಳಿದೆ. ಎಂಥ ಮೂರ್ಖತನ!

ಗುಳಿಗೆ ಕೆಲಸ ಮಾಡಿತು. ಅದೇ ಮುಳುವಾಯಿತು.

ಒಂದು ಮುಂಜಾನೆ ಎಲ್ಲರ ಕೈ ನೋಡಿದ ಮೇಲೆ ಕಾಕಾ ತನ್ನ ಮಣಿಕಟ್ಟು ಒತ್ತಿಕೊಂಡ. ಮತ್ತೆ ಒತ್ತಿಕೊಂಡ. ನಾಡಿ ಮೆತ್ತಗಾಗಿತ್ತು. ಕಾಕಾ ಪ್ರಾಮಾಣಿಕ ಮನುಷ್ಯ. ಇನ್ನೊಬ್ಬರಿಗೆ ಒಂದು ನ್ಯಾಯ, ತನಗೆ ಒಂದು ನ್ಯಾಯ ಮಾಡುವವನಲ್ಲ. ಹೋಗಿ ಕಲ್ಲಿನ ಹಿಂದಿನ ತುದಿಗೆ ನಿಂತ. ಮಹಬೂಬ ಚಾಚಾ ಗಾಬರಿಯಾಗಿ ಮುಂದೆ ಹೋದ. ಗುಂಪಿನಲ್ಲಿ ಯಾರೋ ಹರೆಯದವನು, "ಮೇಸ್ತ್ರಿ ಹಿಂದ ಬಿದ್ರು!" ಎಂದು ನಕ್ಕನಂತೆ.

ಮರುದಿನದಿಂದ ಕಾಕಾ ಗುಳಿಗೆ ನುಂಗುವುದನ್ನು ಬಿಟ್ಟ.

"ಆ ಗುಳಿಗಿ ನನ್ನ ತಾಕತ್ತು ತಿಂದಾವ" ಎಂದ ನನಗೆ. "ಮೂವತ್ತು ವರ್ಷದಾಗ ನನ್ನ ಹೆಬ್ಬೆರಳು ಸುಳ್ಳು ಹೇಳಿಲ್ಲ ತಮ್ಮಾ."

ವಾಡಿಯ ಯಾರ್ಡನ್ನೇ ಅವನೆದುರು ಇಟ್ಟೆ. ಎಂಜಿನ್ನು, ಡಬ್ಬಿ, ಸ್ಪ್ರಿಂಗು. ಬೆರಳಿಗೆ ಬಡಿಯುವುದು ಶಕ್ತಿಯಲ್ಲ, ಒಳಗಿನ ಜಗಳ ಎಂದೆ. ಮೆತ್ತಗಿನ ನಾಡಿ ದೌರ್ಬಲ್ಯವಲ್ಲ, ನಾಳಕ್ಕೆ ಇನ್ನೂ ಬಾಗುವುದು ಬರುತ್ತದೆ ಎಂಬುದರ ಗುರುತು ಎಂದೆ. ಕಾಕಾ ಪೂರ್ತಿ ಕೇಳಿದ. ಆಮೇಲೆ ನನ್ನ ಮಣಿಕಟ್ಟು ಹಿಡಿದು ಒತ್ತಿ ನೋಡಿ, "ಹಂಗಾರ ನಾಳಿಂದ ನೀ ಬಂದು ಮುಂದಿನ ತುದಿ ಹಿಡಿ" ಎಂದ.

ಹೇಳಿ, ಇದಕ್ಕೆ ಯಾವ ಢಾಲಿನವನು ಉತ್ತರ ಕೊಡುತ್ತಾನೆ?

ನಗುವ ಮೊದಲು ಒಂದು ಕ್ಷಣ ನಿಲ್ಲಿ. ನಾವೇನು ಬೇರೆಯೇ? ಆಫೀಸಿನಲ್ಲಿ ಮೇಜು ಗುದ್ದುವವನನ್ನು ಗಟ್ಟಿಗ ಎನ್ನುತ್ತೇವೆ. ಮನೆಯಲ್ಲಿ ದನಿ ಏರಿಸುವವನನ್ನು ಗಂಡಸು ಎನ್ನುತ್ತೇವೆ. ಬಡಿತ ಜೋರಾದಷ್ಟೂ ಮುಂದೆ ನಿಲ್ಲಿಸುತ್ತೇವೆ. ಒಳಗೆ ಏನು ಸೆಟೆದುಕೊಂಡಿದೆ ಎಂದು ಕೇಳುವುದಿಲ್ಲ.

ಕಾಕಾನ ನಾಡಿ ಮತ್ತೆ ಗಟ್ಟಿಯಾಗಿದೆ. ಮುಂದಿನ ತುದಿ ಮತ್ತೆ ಅವನದೇ.

ಹೆದರಿ ನಾನು ಮಹಬೂಬ ಚಾಚಾನ ಬಳಿಗೂ ಹೋದೆ. ಇದು ಮತ್ತೆ ಬರಬಹುದು, ಡಾಕ್ಟರೇ ಹೇಳಿದ್ದಾರೆ ಎಂದೆ. ಆತ ಬೀಡಿ ಹಚ್ಚುತ್ತ, "ಅರೆ ಬೇಟಾ, ಮೂವತ್ತು ವರ್ಷ ಅವನ ಬೆನ್ನು ನೋಡ್ಕೋತ ಮ್ಯಾಲ ಏರೀನಿ. ಡಾಕ್ಟರಮ್ಮ ಎರಡೇ ಸಲ ನೋಡ್ಯಾಳ. ಭೀಮಶಾನೇ ಬಂದು ಬ್ಯಾಡ ಅಂದ್ರ ಮಾತ್ರ ಕಲ್ಲು ಬಿಡ್ತೀನಿ, ನಿನ್ನ ಮಾತಿಗಿ ಬಿಡಂಗಿಲ್ಲ" ಎಂದ.

ಈ ಸೋಮವಾರ ಮುಂಜಾನೆ ಗಣಿಯ ಬಾಯಿಗೇ ಹೋಗಿ ಕಾಕಾನಿಗೆ ಅಡ್ಡ ನಿಂತೆ. ಕೈ ನೋಡುವುದು ಮುಗಿದಿತ್ತು. ಚಾಚಾ ಆಗಲೇ ಇಳಿಜಾರಿನ ಬುಡದಲ್ಲಿ ಅಂಗೈಗೆ ಮಣ್ಣು ತಿಕ್ಕಿಕೊಳ್ಳುತ್ತ, "ಏನ್ ಭಾಷಣ ನಡಸ್ಯಾನೋ ನಿನ್ನ ಮಗ? ಬಿಸಿಲು ಏರ್ಲಿಕತ್ತದ, ಬಾ" ಎಂದು ಕೂಗಿದ.

"ನಾ ಸಾಯೋದಕ್ಕ ಅಂಜಂಗಿಲ್ಲ, ಹಾದಿ ಬಿಡು" ಎಂದ ಕಾಕಾ.

"ನೀ ಅಂಜಂಗಿಲ್ಲ, ಅದು ನಂಗ ಗೊತ್ತದ. ಕಲ್ಲು ನಿನ್ನ ಕೈ ಬಿಟ್ರ ಯಾ ಕಡಿ ಜಾರ್ತದ?" ಎಂದೆ.

ಕಾಕಾ ಕೆಳಗೆ ನೋಡಿದ. ಬಲಗೈಯ ಬೆರಳುಗಳನ್ನು ಒಮ್ಮೆ ಬಿಚ್ಚಿ ಒಮ್ಮೆ ಮಡಿಸಿದ. ಅವನಿಗೂ ಭಯವಾಗಿದೆ ಎಂದು ಆಗ ಗೊತ್ತಾಯಿತು. ಅದು ನನ್ನನ್ನು ಇನ್ನಷ್ಟು ಹೆದರಿಸಿತು. ಆದರೂ ನನ್ನನ್ನು ಸರಿಸಿ ಇಳಿಯತೊಡಗಿದ.

ಅವನ ಬೆನ್ನಿಗೆ ಕೇಳಿದೆ. ತಿರುಗಲಿಲ್ಲ. ಇಲ್ಲಿ, ಎಲ್ಲರೆದುರು, ಮತ್ತೆ ಕೇಳುತ್ತಿದ್ದೇನೆ:

ಕಾಕಾ, ಕಲ್ಲಿನ ಕೆಳಗಿನ ತುದಿ ಹಿಡಿಯೋ ಮಹಬೂಬ ಚಾಚಾಗ ಬ್ಯಾಡ ಅಂತ ನೀ ಯಾವಾಗ ಹೇಳ್ತಿ?